ಗಂಡಾಂತರಕ್ಕೆ ಮುಂಚೆಯೇ ಬೇಲಿ



ಹೊಲಕ್ಕೆ ಬೇಲಿಯನ್ನು ನೀವು ಯಾವಾಗ ಹಾಕುತ್ತೀರಿ? ದನ ನುಗ್ಗಿ ಪೈರು ಮೇಯ್ದ ಮೇಲೋ, ಅದಕ್ಕೆ ಮುಂಚೆಯೋ? ಇದೇನು ಇಂಥ ಪ್ರಶ್ನೆ ಕೇಳುತ್ತಾನೆ ಅಂತ ನೀವು ನಗಬಹುದು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ನಮಗೆಲ್ಲ ಬಾಯಿಪಾಠ. ಆದರೆ ಬರ, ನೆರೆ, ಸಿಡಿಲು, ಹೊಸ ಹುಳುವಿನ ಕಾಟ ಎಂದು ಬಂದಾಗ ನಾವು ಎಷ್ಟೋ ಜನ ಕೊಳ್ಳೆ ಹೋದ ಮೇಲೆಯೇ ಬಾಗಿಲಿನ ಕಡೆ ಓಡುತ್ತೇವೆ. ಇಂಥ ದೊಡ್ಡ ಗಂಡಾಂತರಗಳನ್ನು ಒಂದು ದೇಶ ಹೇಗೆ ಮುಂಚೆಯೇ ಯೋಚಿಸಿ ಎದುರಿಸುತ್ತದೆ, ಅದಕ್ಕೆ ಯಾವ ಹೊಸ ಸಲಕರಣೆಗಳು ಬಂದಿವೆ, ಅದರಲ್ಲಿ ನಿಮ್ಮ ಮನೆಯ ಪಾಲು ಏನು ಎಂಬುದನ್ನು ಇವತ್ತು ತಿಳಿದುಕೊಳ್ಳೋಣ.

ಇದೆಲ್ಲ ಸರ್ಕಾರದ ಕೆಲಸ, ನಮಗೇಕೆ ಸ್ವಾಮಿ ಎನ್ನಬೇಡಿ. ದೇಶದ ಆಡಳಿತವೂ ಒಂದು ದೊಡ್ಡ ಮನೆಯ ಯಜಮಾನಿಕೆಯೇ. ನಮ್ಮ ಅಜ್ಜಂದಿರು ಏನು ಮಾಡುತ್ತಿದ್ದರು, ನೆನಪು ಮಾಡಿಕೊಳ್ಳಿ. ಸುಗ್ಗಿಯಲ್ಲಿ ಬಂದ ರಾಗಿಯನ್ನೆಲ್ಲ ಮಾರದೆ ಹಗೇವಿಗೆ ತುಂಬಿ ಬಾಯಿ ಮುಚ್ಚುತ್ತಿದ್ದರು. ರಾಗಿಯ ನಡುವೆ ಅವರೆ, ಜೋಳ, ಹುಚ್ಚೆಳ್ಳಿನ ಅಕ್ಕಡಿ ಸಾಲು ಬಿಡುತ್ತಿದ್ದರು; ಒಂದು ಕೈಕೊಟ್ಟರೆ ಇನ್ನೊಂದು ಕೈ ಹಿಡಿಯುತ್ತಿತ್ತು. ಮೊದಲ ಬಿತ್ತನೆ ಒಣಗಿ ಹೋದರೆ ಇರಲಿ ಅಂತ ಎರಡನೆಯ ಬಿತ್ತನೆಗೆ ಬೀಜ ಎತ್ತಿಡುತ್ತಿದ್ದರು. ಅವರಿಗೆ ಮಳೆ ಬರುತ್ತದೆಯೋ ಇಲ್ಲವೋ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಮೂರು ಪ್ರಶ್ನೆಗಳನ್ನು ಮುಂಚೆಯೇ ಹಾಕಿಕೊಳ್ಳುತ್ತಿದ್ದರು. ಏನು ಬರಬಹುದು? ಬಂದರೆ ಯಾರಿಗೆ ಎಷ್ಟು ಪೆಟ್ಟು? ಆಗ ಯಾರು ಏನು ಮಾಡಬೇಕು? ಇವತ್ತು ದೊಡ್ಡ ಕಚೇರಿಗಳಲ್ಲಿ ವಿಪತ್ತು ನಿರ್ವಹಣೆ ಎಂದು ಕರೆಯುವುದರ ಬೇರು ಈ ಮೂರು ಪ್ರಶ್ನೆಗಳೇ.

ಇವುಗಳ ಬೆಲೆ ಎಷ್ಟು ಎಂಬುದಕ್ಕೆ ಒಡಿಶಾ ರಾಜ್ಯದ ಸಂಗತಿ ಹೇಳುತ್ತೇನೆ. ೧೯೯೯ರ ಅಕ್ಟೋಬರ್ ೨೯ರಂದು ಪಾರಾದೀಪದ ಹತ್ತಿರ ಒಂದು ಮಹಾ ಚಂಡಮಾರುತ ನೆಲಕ್ಕೆ ಬಡಿಯಿತು. ಗಾಳಿಯ ವೇಗ ಗಂಟೆಗೆ ಸುಮಾರು ೨೬೦ ಕಿಲೋಮೀಟರು. ಸಮುದ್ರದ ನೀರು ಗೋಡೆಯಂತೆ ಎದ್ದು ಊರುಗಳೊಳಗೆ ನುಗ್ಗಿತು. ಹತ್ತಿರ ಹತ್ತಿರ ಹತ್ತು ಸಾವಿರ ಜನ ಸತ್ತರು. ದನಕರುಗಳು ಸತ್ತದ್ದು ಇನ್ನೂ ಎಷ್ಟೋ ಪಟ್ಟು. ಗಾಳಿ ಬರುತ್ತದೆ ಎಂಬ ಮುನ್ಸೂಚನೆ ಇರಲಿಲ್ಲವೇ? ಇತ್ತು. ಆದರೆ ಆ ಸುದ್ದಿ ಕೇಳಿದ ಬಡವ ಹೋಗಬೇಕಾದರೂ ಎಲ್ಲಿಗೆ? ಗಟ್ಟಿಯಾದ ಆಶ್ರಯ ಕಟ್ಟಡಗಳು ಬೆರಳೆಣಿಕೆಯಷ್ಟೇ ಇದ್ದವು. ಯಾರು ಬಂದು ಕರೆದುಕೊಂಡು ಹೋಗಬೇಕು, ಮುದುಕರನ್ನು ಯಾರು ಹೊರಬೇಕು ಎಂಬುದು ಯಾವ ಊರಲ್ಲೂ ಗೊತ್ತಾಗಿರಲಿಲ್ಲ.

ಆ ಪೆಟ್ಟು ತಿಂದ ರಾಜ್ಯ ಸುಮ್ಮನೆ ಕೂರಲಿಲ್ಲ. ಅದೇ ವರ್ಷ ವಿಪತ್ತು ನಿರ್ವಹಣೆಗೇ ಒಂದು ಪ್ರತ್ಯೇಕ ಸಂಸ್ಥೆ ಮಾಡಿತು. ಕರಾವಳಿಯ ಉದ್ದಕ್ಕೂ ಕಂಬಗಳ ಮೇಲೆ ನಿಂತ ನೂರಾರು ಆಶ್ರಯ ಕಟ್ಟಡಗಳು ಎದ್ದವು. ಬಿಸಿಲುಕಾಲದಲ್ಲಿ ಅವೇ ಶಾಲೆಗಳು. ಹಳ್ಳಿಯ ಯುವಕ ಯುವತಿಯರಿಗೆ ತರಬೇತಿ ಕೊಟ್ಟರು. ಯಾವ ಮನೆಯಲ್ಲಿ ಗರ್ಭಿಣಿ ಇದ್ದಾಳೆ, ಯಾವ ಮನೆಯಲ್ಲಿ ನಡೆಯಲಾರದ ಮುದುಕಿ ಇದ್ದಾಳೆ ಎಂಬ ಪಟ್ಟಿ ಮಾಡಿದರು. ಗಾಳಿ ಇಲ್ಲದ ದಿನಗಳಲ್ಲೇ ಓಡುವ ಅಭ್ಯಾಸ ಮಾಡಿಸಿದರು.

೨೦೧೩ರ ಅಕ್ಟೋಬರ್ ೧೨ರಂದು ಫೈಲಿನ್ ಎಂಬ ಚಂಡಮಾರುತ ಅದೇ ಒಡಿಶಾದ ಗೋಪಾಲಪುರದ ಬಳಿ ಬಂದಿತು. ಗಾಳಿಯ ವೇಗ ಗಂಟೆಗೆ ೨೦೦ ಕಿಲೋಮೀಟರಿಗಿಂತ ಹೆಚ್ಚು. ಆದರೆ ಬರುವ ಮುಂಚೆಯೇ ಸುಮಾರು ಹತ್ತು ಲಕ್ಷ ಜನರನ್ನು ಅಪಾಯದ ಜಾಗದಿಂದ ಎಬ್ಬಿಸಿ ಸಾಗಿಸಿದ್ದರು. ಸತ್ತವರು ಕೆಲವೇ ಹತ್ತುಗಳಷ್ಟು ಮಂದಿ. ಒಂದು ಪ್ರಾಣ ಹೋದರೂ ದುಃಖವೇ, ನಿಜ. ಆದರೂ ಹತ್ತು ಸಾವಿರ ಎಲ್ಲಿ, ಕೆಲವು ಹತ್ತುಗಳೆಲ್ಲಿ! ಗಾಳಿಯನ್ನು ಯಾರೂ ತಡೆಯಲಿಲ್ಲ. ಗಾಳಿ ಮತ್ತು ಜನರ ನಡುವೆ ಒಂದು ಬೇಲಿ ಹಾಕಿದರು, ಅಷ್ಟೆ. ೨೦೦೪ರ ಡಿಸೆಂಬರಿನ ಸುನಾಮಿ ಆದ ಮೇಲೆ ೨೦೦೫ರಲ್ಲಿ ವಿಪತ್ತು ನಿರ್ವಹಣಾ ಕಾಯಿದೆ ಬಂದು, ಇಂಥ ಏರ್ಪಾಡು ದೇಶಕ್ಕೆಲ್ಲ ಕಾನೂನಾಯಿತು.

ನಮ್ಮ ಬಯಲುಸೀಮೆಗೆ ಸಮುದ್ರ ಬರುವುದಿಲ್ಲ. ನಮಗೆ ಬರುವುದು ಬರ. ಬರಕ್ಕೆ ದೇಶ ಹಾಕಿದ ಮೊದಲ ಬೇಲಿ ಯಾವುದು ಗೊತ್ತೇ? ಅದೂ ಹಗೇವೇ, ಆದರೆ ದೇಶದ ಹಗೇವು. ೧೯೬೫ ಮತ್ತು ೧೯೬೬ರಲ್ಲಿ ಬೆನ್ನಿಗೆ ಬೆನ್ನು ಹತ್ತಿ ಬರ ಬಂದಾಗ, ೧೯೬೬ರಲ್ಲಿ ಸುಮಾರು ಒಂದು ಕೋಟಿ ಟನ್ನು ಧಾನ್ಯವನ್ನು ಹೊರದೇಶಗಳಿಂದ ಹಡಗಿನಲ್ಲಿ ತರಿಸಬೇಕಾಯಿತು. ಹಡಗು ತಡವಾದರೆ ಊಟ ತಡ ಎಂಬಂಥ ಕಾಲ ಅದು. ೧೯೬೫ರಲ್ಲೇ ಭಾರತ ಆಹಾರ ನಿಗಮ ಹುಟ್ಟಿತು. ಒಳ್ಳೆಯ ವರ್ಷದ ಧಾನ್ಯವನ್ನು ಕೊಂಡು ಕೆಟ್ಟ ವರ್ಷಕ್ಕೆ ಕೂಡಿಡುವುದು ಅದರ ಕೆಲಸ. ಆಮೇಲೆ ೨೦೦೨ರಲ್ಲಿ ಮುಂಗಾರು ನೂರಕ್ಕೆ ೧೯ರಷ್ಟು ಕಡಿಮೆಯಾಯಿತು. ಜುಲೈ ತಿಂಗಳ ಮಳೆಯಲ್ಲಿ ಅರ್ಧದಷ್ಟು ಬರಲೇ ಇಲ್ಲ. ದೇಶದ ಧಾನ್ಯದ ಉತ್ಪತ್ತಿ ೨೧ ಕೋಟಿ ಟನ್ನಿನಿಂದ ೧೭ ಕೋಟಿ ೫೦ ಲಕ್ಷ ಟನ್ನಿಗೆ ಬಿತ್ತು. ಆದರೆ ಉಗ್ರಾಣಗಳಲ್ಲಿ ಆರು ಕೋಟಿ ಟನ್ನಿಗೂ ಹೆಚ್ಚು ಧಾನ್ಯವಿತ್ತು. ರೈತನ ಕೈ ಸುಟ್ಟಿತು, ನಿಜ. ಹಡಗಿನ ದಾರಿ ಕಾಯುವ ಗತಿ ಮಾತ್ರ ಬರಲಿಲ್ಲ.

ಎರಡನೆಯ ಬೇಲಿ ಎಂದರೆ ಅಳತೆ. ಚಂಡಮಾರುತ ಢಂ ಎಂದು ಬರುತ್ತದೆ. ಬರ ಕಳ್ಳಹೆಜ್ಜೆ ಇಟ್ಟು ಬರುತ್ತದೆ. ಯಾವ ದಿನ ಬಂತು ಅಂತ ಹೇಳುವುದೇ ಕಷ್ಟ. ಅದಕ್ಕೆ ೧೯೮೮ರಲ್ಲಿ ನಮ್ಮ ರಾಜ್ಯದಲ್ಲಿ ಬರ ಪರಿವೀಕ್ಷಣೆಗೆಂದೇ ಒಂದು ಘಟಕ ಶುರುವಾಯಿತು. ಅದೇ ಬೆಳೆದು ಇವತ್ತು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಮೊದಲು ತಾಲ್ಲೂಕು ಕಚೇರಿಯ ಅಂಗಳದಲ್ಲಿ ಒಂದು ಮಳೆಮಾಪಕ. ಬೆಳಿಗ್ಗೆ ಎಂಟೂವರೆಗೆ ಒಬ್ಬರು ಅಳೆದು ಬರೆಯುತ್ತಿದ್ದರು. ಅಲ್ಲಿ ಮಳೆ ಬಂದು ನಿಮ್ಮೂರಿನಲ್ಲಿ ಬರದಿದ್ದರೂ ಲೆಕ್ಕದಲ್ಲಿ ನಿಮಗೂ ಮಳೆಯೇ! ಈಗ ಗ್ರಾಮ ಪಂಚಾಯಿತಿಗೊಂದರಂತೆ ರಾಜ್ಯದಲ್ಲಿ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕಗಳಿವೆ. ಬಿಸಿಲಿನಿಂದ ವಿದ್ಯುತ್ತು ಪಡೆದು, ಹದಿನೈದು ನಿಮಿಷಕ್ಕೊಮ್ಮೆ ಮಳೆಯ ಲೆಕ್ಕವನ್ನು ತಾವೇ ಬೆಂಗಳೂರಿಗೆ ಕಳಿಸುತ್ತವೆ. ನಿಮ್ಮ ಪಂಚಾಯಿತಿಯ ಮಳೆಮಾಪಕ ಎಲ್ಲಿದೆ, ನೋಡಿದ್ದೀರಾ? ಅದರ ಮೇಲೆ ಬಟ್ಟೆ ಒಣಹಾಕುವುದು, ಅದಕ್ಕೆ ಎಮ್ಮೆ ಕಟ್ಟುವುದು ಬೇಡಿ. ಪಕ್ಕದ ಮರದ ಕೊಂಬೆ ಅದರ ಮೇಲೆ ಬಾಗಿದ್ದರೆ ಪಂಚಾಯಿತಿಗೆ ತಿಳಿಸಿ. ಅದು ಸುಳ್ಳು ಹೇಳಿದರೆ ನಷ್ಟ ನಿಮ್ಮೂರಿಗೇ.

ಮಳೆಯ ಜೊತೆಗೆ ಪೈರನ್ನೂ ಅಳೆಯಬೇಕಲ್ಲ? ಅದನ್ನು ಆಕಾಶದಲ್ಲಿರುವ ಉಪಗ್ರಹಗಳು ಮಾಡುತ್ತವೆ. ಸೂರ್ಯನ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಕಾಣದ ಒಂದು ಭಾಗವಿದೆ, ಅದಕ್ಕೆ ಅವಕೆಂಪು ಕಿರಣ ಎನ್ನುತ್ತಾರೆ. ಪುಷ್ಟಿಯಾದ ಹಸುರೆಲೆ ಕೆಂಪು ಬೆಳಕನ್ನು ಹೀರಿಕೊಂಡು, ಈ ಅವಕೆಂಪನ್ನು ಹೆಚ್ಚಾಗಿ ಹಿಂದಕ್ಕೆ ಎಸೆಯುತ್ತದೆ. ಬಾಡಿದ ಎಲೆಯಲ್ಲಿ ಈ ಎರಡರ ಅಂತರ ಕಡಿಮೆಯಾಗುತ್ತದೆ. ಎರಡನ್ನೂ ಅಳೆದು ಯಾವ ಸೀಮೆಯ ಪೈರು ಸೊರಗುತ್ತಿದೆ ಎಂದು ಉಪಗ್ರಹದಿಂದಲೇ ಹೇಳುತ್ತಾರೆ. ಮಳೆಯ ಕೊರತೆ, ಮೂರು ನಾಲ್ಕು ವಾರದ ಒಣ ಹವೆ, ಬಿತ್ತನೆಯಾದ ಜಮೀನು, ಮಣ್ಣಿನ ತೇವ, ಪೈರಿನ ಹಸುರು, ಕೊನೆಗೆ ನೂರರಲ್ಲಿ ಹತ್ತು ಹಳ್ಳಿಗಳಿಗೆ ಹೋಗಿ ಕಣ್ಣಾರೆ ಪರೀಕ್ಷೆ, ಇವನ್ನೆಲ್ಲ ಕೂಡಿಸಿ ಬರ ಘೋಷಣೆ ಮಾಡುವುದು ೨೦೧೬ರ ಬರ ಕೈಪಿಡಿಯ ಕ್ರಮ. ೨೦೨೩ರಲ್ಲಿ ನಮ್ಮ ರಾಜ್ಯದ ೨೩೬ ತಾಲ್ಲೂಕುಗಳ ಪೈಕಿ ೨೨೩ ಬರಪೀಡಿತ ಎಂದು ಘೋಷಣೆಯಾದದ್ದು ಇಂಥ ಲೆಕ್ಕದ ಮೇಲೆಯೇ.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಯಂತ್ರ ಎಷ್ಟೇ ದೊಡ್ಡದಿರಲಿ, ಅದಕ್ಕೆ ಕೊಟ್ಟ ಲೆಕ್ಕ ತಪ್ಪಾದರೆ ಅದು ಕೊಡುವ ಉತ್ತರವೂ ತಪ್ಪೇ. ನನ್ನ ಹೋಬಳಿಯಲ್ಲಿ ಒಬ್ಬ ತಾಯಿ ಎರಡು ಎಕರೆ ರಾಗಿ ಬಿತ್ತಿ, ವಿಮೆಯನ್ನೂ ಕಟ್ಟಿದ್ದರು. ಮಳೆ ಹೋಯಿತು, ರಾಗಿ ಒಣಗಿತು. ಅಕ್ಕಪಕ್ಕದವರಿಗೆಲ್ಲ ಹಣ ಬಂತು, ಅವರಿಗೆ ಬರಲಿಲ್ಲ. ನಮ್ಮ ರೈತ ಸಂಪರ್ಕ ಕೇಂದ್ರಕ್ಕೆ ಬಂದು, "ನಾನೇನು ಪಾಪ ಮಾಡಿದ್ದೆ ಸಾರ್?" ಎಂದು ಕಣ್ಣೀರು ಹಾಕಿದರು. ತೆಗೆದು ನೋಡಿದರೆ ಬೆಳೆ ಸಮೀಕ್ಷೆಯಲ್ಲಿ ಅವರ ಹೊಲ "ಪಾಳು" ಎಂದು ದಾಖಲಾಗಿತ್ತು. ಫೋಟೋ ಹಿಡಿಯಲು ಬಂದವರು ಪಕ್ಕದ ಬೀಳು ಜಮೀನಿನಲ್ಲಿ ನಿಂತಿದ್ದರೋ ಏನೋ. ಆಕ್ಷೇಪಣೆ ಸಲ್ಲಿಸುವ ಅವಧಿ ಮುಗಿದಿತ್ತು. ಅವರ ಪಾಪ ಏನೂ ಇರಲಿಲ್ಲ. ದಾಖಲೆಯಲ್ಲಿ ಏನಿದೆ ನೋಡಿಕೊಳ್ಳಬೇಕೆಂದು ಅವರಿಗೆ ನಾವು ಯಾರೂ ಹೇಳಿರಲಿಲ್ಲ, ಅಷ್ಟೆ. ಆದ್ದರಿಂದ ಸಮೀಕ್ಷೆ ಆದ ಕೂಡಲೇ ನಿಮ್ಮ ಸರ್ವೆ ನಂಬರಿನ ಮುಂದೆ ಯಾವ ಬೆಳೆ ಇದೆ ಎಂದು ನೋಡಿಕೊಳ್ಳಿ. ಓದು ಬಾರದಿದ್ದರೆ ಶಾಲೆಗೆ ಹೋಗುವ ಮಗನನ್ನೋ ಮಗಳನ್ನೋ ಮುಂದೆ ಕೂರಿಸಿಕೊಂಡು ಫೋನಿನಲ್ಲಿ ನೋಡಿಸಿ.

ವಿಮೆಯ ಮಾತು ಬಂತು. ವಿಮೆ ಎಂದರೆ ನೂರು ಮನೆಯವರು ಮುಷ್ಟಿ ಮುಷ್ಟಿ ಕಾಳು ಹಾಕಿ, ಬೆಂಕಿ ಬಿದ್ದ ಒಂದು ಮನೆಗೆ ಮೂಟೆ ಕೊಡುವ ಏರ್ಪಾಡು. ೨೦೧೬ರಿಂದ ನಡೆಯುತ್ತಿರುವ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಧಾನ್ಯ ಬೆಳೆಗಳಿಗೆ ರೈತನ ಪಾಲು ವಿಮೆಯ ಮೊತ್ತದ ನೂರಕ್ಕೆ ೨, ಹಿಂಗಾರಿಗೆ ನೂರಕ್ಕೆ ಒಂದೂವರೆ, ವಾಣಿಜ್ಯ ಬೆಳೆಗೆ ಹೆಚ್ಚೆಂದರೆ ೫. ಮಿಕ್ಕದ್ದನ್ನು ಸರ್ಕಾರಗಳು ತುಂಬುತ್ತವೆ. "ನನ್ನ ಹೊಲ ಪೂರ್ತಿ ಹೋದರೂ ಯಾಕೆ ಬರಲಿಲ್ಲ?" ಎಂದು ಬಹಳ ಜನ ಕೇಳುತ್ತಾರೆ. ಬರದಂಥ ಊರಿಗೆಲ್ಲ ಬರುವ ನಷ್ಟಕ್ಕೆ ನಿಮ್ಮೊಬ್ಬರ ಹೊಲ ನೋಡುವುದಿಲ್ಲ. ಬೆಳೆ ಕಟಾವು ಪ್ರಯೋಗ ಮಾಡಿ ಇಡೀ ಸೀಮೆಯ ಸರಾಸರಿ ನೋಡುತ್ತಾರೆ. ಆದರೆ ಆಲಿಕಲ್ಲು, ಮೇಘಸ್ಫೋಟ, ಮಣ್ಣು ಕುಸಿತ ಇಂಥವು ನಿಮ್ಮ ಹೊಲವನ್ನಷ್ಟೇ ಹೊಡೆದರೆ, ೭೨ ಗಂಟೆಯೊಳಗೆ ತಿಳಿಸಿದವರಿಗೆ ಪ್ರತ್ಯೇಕ ಪರಿಶೀಲನೆ ಉಂಟು. ಕೊಯ್ದು ಹೊಲದಲ್ಲೇ ಒಣಗಲು ಬಿಟ್ಟ ಪೈರಿಗೂ ೧೪ ದಿನದ ತನಕ ರಕ್ಷಣೆ ಇದೆ. ಮೂರು ದಿನ ಎಂದರೆ ಮೂರೇ ದಿನ. ನೆಂಟರು ಬಂದಿದ್ದರು, ಜಾತ್ರೆ ಇತ್ತು ಎಂದರೆ ನಡೆಯುವುದಿಲ್ಲ.

ಮೂರನೆಯ ಬೇಲಿ ಎಂದರೆ ಮೊದಲು ಕಂಡವರು ಮೊದಲು ಹೇಳುವುದು. ೨೦೧೮ರ ಮೇ ತಿಂಗಳಲ್ಲಿ ಶಿವಮೊಗ್ಗದ ಕಡೆ ಮುಸುಕಿನ ಜೋಳದ ಸುಳಿಯಲ್ಲಿ ಒಂದು ಅಪರಿಚಿತ ಹುಳು ಕಂಡಿತು. ಅಲ್ಲಿನ ಕೃಷಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಪರೀಕ್ಷಿಸಿ, ಇದು ಅಮೆರಿಕ ಖಂಡದ ಸೈನಿಕ ಹುಳು ಎಂದು ಗುರುತಿಸಿದರು. ಆಫ್ರಿಕಕ್ಕೆ ೨೦೧೬ರಲ್ಲಿ ಕಾಲಿಟ್ಟು ಅಲ್ಲಿನ ಜೋಳವನ್ನು ತಿಂದ ಹುಳು ಅದು. ಭಾರತದಲ್ಲಿ ಕಂಡದ್ದು ಅದೇ ಮೊದಲು. ಅದರ ಪತಂಗ ಒಂದು ರಾತ್ರಿಯಲ್ಲಿ ನೂರು ಕಿಲೋಮೀಟರು ಹಾರಬಲ್ಲದು. ಸ್ವಲ್ಪ ಕಾಲದಲ್ಲೇ ಅನೇಕ ರಾಜ್ಯಗಳಿಗೆ ಹಬ್ಬಿತು. ಆದರೂ ಬೇಗ ಗುರುತಿಸಿದ್ದರಿಂದ ಎಲ್ಲ ಕಡೆಗೂ ಎಚ್ಚರಿಕೆ ಹೋಯಿತು, ಮೋಹಕ ಬಲೆ ಕಟ್ಟಿ ಪತಂಗ ಎಣಿಸುವ ಕ್ರಮ ಬಂತು. ಹಾಗಾಗಿ ನಿಮ್ಮ ಹೊಲದಲ್ಲಿ ಎಂದೂ ಕಾಣದ ಹುಳುವೋ ರೋಗವೋ ಕಂಡರೆ, ಯಾವುದೋ ಔಷಧಿ ಹೊಡೆದು ಸುಮ್ಮನಾಗಬೇಡಿ. ಹುಳುವನ್ನು ಗಾಳಿಯಾಡುವ ಡಬ್ಬಿಯಲ್ಲಿ ಹಾಕಿಕೊಂಡು, ಇಲ್ಲವೆ ಫೋಟೋ ತೆಗೆದುಕೊಂಡು ನಮ್ಮ ಕೇಂದ್ರಕ್ಕೆ ಬನ್ನಿ. ನಿಮ್ಮ ಒಂದು ಡಬ್ಬಿ ಇಡೀ ದೇಶಕ್ಕೆ ಎಚ್ಚರಿಕೆಯಾಗಬಹುದು.

ಇನ್ನು ಹವಾಮಾನದ ಮಾತು. "ಅಲ್ಲಲ್ಲಿ ಮಳೆ" ಎಂದಿದ್ದರು, ನಮ್ಮೂರಿಗೆ ಬರಲೇ ಇಲ್ಲ, ಬರೀ ಸುಳ್ಳು ಎನ್ನುವವರಿದ್ದಾರೆ. ೧೮೭೫ರಲ್ಲಿ ಸ್ಥಾಪನೆಯಾದ ಹವಾಮಾನ ಇಲಾಖೆಯ ಭಾಷೆಯಲ್ಲಿ "ಅಲ್ಲಲ್ಲಿ" ಎಂದರೆ ನೂರು ಜಾಗದಲ್ಲಿ ೨೫ಕ್ಕೆ ಮೀರದಷ್ಟು ಜಾಗದಲ್ಲಿ ಎಂದು ಅರ್ಥ. ಅಂದರೆ ಮಿಕ್ಕ ೭೫ ಊರಿಗೆ ಬಾರದಿರುವುದೇ ಹೆಚ್ಚು! "ಕೆಲವು ಕಡೆ" ಎಂದರೆ ೫೦ರ ತನಕ, "ಹಲವು ಕಡೆ" ಎಂದರೆ ೭೫ರ ತನಕ. ಬಣ್ಣಗಳನ್ನೂ ತಿಳಿದಿರಿ. ಹಸುರು ಎಂದರೆ ಚಿಂತೆಯಿಲ್ಲ. ಹಳದಿ ಎಂದರೆ ಸುದ್ದಿ ಕೇಳುತ್ತಿರಿ. ಕಿತ್ತಳೆ ಎಂದರೆ ಸಿದ್ಧರಾಗಿ. ಕೆಂಪು ಎಂದರೆ ಕೂಡಲೇ ಕಾರ್ಯಕ್ಕಿಳಿಯಿರಿ.

ಸೂಚನೆ ಸುಳ್ಳಾದರೆ ಕೋಪ ಬರುವುದು ಸಹಜ. ಆದರೆ ಯಜಮಾನಿಕೆಯ ಲೆಕ್ಕ ಹಾಕಿ ನೋಡಿ. ಕಣದಲ್ಲಿ ರಾಗಿ ತೆನೆ ಇದೆ. ನಾಳೆ ಮಳೆ ಎಂದರು. ನೀವು ಟಾರ್ಪಾಲು ಹೊದಿಸಿದಿರಿ, ಮಳೆ ಬರಲಿಲ್ಲ. ಹೋದದ್ದು ಅರ್ಧ ದಿನದ ಕೆಲಸ. ಹೊದಿಸದೆ ಮಳೆ ಬಂದರೆ ಹೋಗುವುದು ವರ್ಷದ ಅನ್ನ. ಐದು ಸಲ ಸುಳ್ಳಾಗಿ ಆರನೆಯ ಸಲ ನಿಜವಾದರೂ ಲಾಭ ನಿಮಗೇ. ಒಡಿಶಾದಲ್ಲಿ ಹತ್ತು ಲಕ್ಷ ಜನರನ್ನು ಎಬ್ಬಿಸಿದ್ದೂ ಇದೇ ಲೆಕ್ಕದ ಮೇಲೆ.

ಈಗ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಕೆಲವು ವರ್ಷಗಳ ಹಿಂದೆ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ನಾನು ಸಭೆಯೊಂದರಲ್ಲಿ ಕೂತಿದ್ದೆ. ನಮ್ಮ ಹೋಬಳಿಯ ಕಡೆ ಸಿಡಿಲಿನ ಸಂಭವವಿದೆ ಎಂಬ ಸಂದೇಶ ನನ್ನ ಫೋನಿಗೆ ಬಂತು. ಸಭೆ ಮುಗಿದ ಮೇಲೆ ಊರವರ ಗುಂಪಿಗೆ ಕಳಿಸಿದರಾಯಿತು ಎಂದು ಫೋನನ್ನು ಜೇಬಿಗೆ ಇಟ್ಟುಕೊಂಡೆ. ಅರ್ಧ ಗಂಟೆಯಲ್ಲಿ ಪಕ್ಕದ ಹಳ್ಳಿಯಲ್ಲಿ ಉಳುತ್ತಿದ್ದ ಒಬ್ಬ ಯಜಮಾನರು ಮಳೆಗೆ ಹೆದರಿ, ಎತ್ತುಗಳನ್ನು ಹುಣಿಸೇಮರದ ಕೆಳಗೆ ಕಟ್ಟಿ ತಾವು ಪಂಪಿನ ಮನೆಗೆ ಓಡಿದರು. ಸಿಡಿಲು ಮರಕ್ಕೆ ಹೊಡೆಯಿತು. ಜೋಡಿ ಎತ್ತು ಅಲ್ಲೇ ಬಿದ್ದವು. ಮಾರನೆಯ ದಿನ ಹೋದಾಗ ಅವರು ನನ್ನನ್ನು ಬೈಯಲಿಲ್ಲ. "ನಮ್ಮ ಹಣೆಬರಹ ಸಾರ್" ಎಂದರು. ಅದು ಹಣೆಬರಹವಲ್ಲ, ಆ ಸುದ್ದಿ ನನ್ನ ಜೇಬಿನಲ್ಲಿತ್ತು. ಉಪಗ್ರಹ, ರೇಡಾರು, ಕೇಂದ್ರ ಎಲ್ಲ ತಮ್ಮ ಕೆಲಸ ಮಾಡಿದ್ದವು. ಸರಪಳಿಯ ಕೊನೆಯ ಕೊಂಡಿ ಬಿಟ್ಟಿತ್ತು. ಕೊನೆಯ ಕೊಂಡಿ ನಾನು. ನಾಳೆ ಅದು ನೀವೂ ಆಗಬಹುದು.

ನಮ್ಮ ದೇಶದಲ್ಲಿ ವರ್ಷಕ್ಕೆ ಎರಡು ಸಾವಿರಕ್ಕಿಂತ ಹೆಚ್ಚು ಜನ ಸಿಡಿಲಿಗೆ ಸಾಯುತ್ತಾರೆ. ಬಹಳಷ್ಟು ಮಂದಿ ಹೊಲದಲ್ಲಿ ದುಡಿಯುವವರೇ. ಒಂದು ಸುಲಭ ಲೆಕ್ಕ ಕಲಿಯಿರಿ. ಮಿಂಚು ಕಂಡ ಕೂಡಲೇ ಒಂದು, ಎರಡು ಎಂದು ಎಣಿಸಿ. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನ ಒಳಗಿದೆ; ಗಟ್ಟಿ ಮನೆಗೆ ಹೋಗಿ. ಕೊನೆಯ ಗುಡುಗು ಕೇಳಿ ಮೂವತ್ತು ನಿಮಿಷ ಕಳೆಯುವ ತನಕ ಹೊರಗೆ ಬರಬೇಡಿ. ಒಂಟಿ ಮರದ ಕೆಳಗೆ ನಿಲ್ಲಬೇಡಿ, ದನವನ್ನೂ ಕಟ್ಟಬೇಡಿ. ತಂತಿ ಬೇಲಿ, ಪಂಪು, ಕೆರೆಯ ನೀರು ಇವುಗಳಿಂದ ದೂರವಿರಿ. ಸಿಡಿಲು ಬಡಿದವರನ್ನು ಮುಟ್ಟಿದರೆ ನಿಮಗೆ ಏನೂ ಆಗುವುದಿಲ್ಲ. ಹೆದರದೆ ಎತ್ತಿ ಆಸ್ಪತ್ರೆಗೆ ಸಾಗಿಸಿ. ಪುಣೆಯ ವಿಜ್ಞಾನಿಗಳು ಮಾಡಿದ "ದಾಮಿನಿ" ಎಂಬ ಆ್ಯಪು ನಿಮ್ಮ ಸುತ್ತಿನ ೨೦ ಮತ್ತು ೪೦ ಕಿಲೋಮೀಟರಿನಲ್ಲಿ ಸಿಡಿಲಿದ್ದರೆ ತಿಳಿಸುತ್ತದೆ. ಬೇಸಾಯದ ಸಲಹೆಗೆ "ಮೇಘದೂತ" ಇದೆ. ೨೦೨೩ರಲ್ಲಿ ಒಂದು ದಿನ ಎಲ್ಲರ ಫೋನೂ ಒಟ್ಟಿಗೆ ಕಿರುಚಿಕೊಂಡದ್ದು ನೆನಪಿದೆಯೇ? ಅದು ಗಂಡಾಂತರದ ಕಾಲಕ್ಕೆ ಮಾಡಿದ ಅಭ್ಯಾಸ. ಮುಂದೆ ಅಂಥ ಸದ್ದು ಬಂದರೆ ಫೋನು ಕೆಟ್ಟಿದೆ ಎಂದು ಮುಚ್ಚಿಡಬೇಡಿ, ಓದಿ ನೋಡಿ.

ಇಷ್ಟೆಲ್ಲ ಕೇಳಿದ ಮೇಲೆ ಮನೆಯಲ್ಲಿ ಮಾಡತಕ್ಕದ್ದೇನು? ನಾಲ್ಕೇ ಕೆಲಸ.

ಒಂದು, ಮುಂಗಾರಿಗೆ ಮುಂಚೆ ಒಂದು ಸಂಜೆ ಮನೆಯವರೆಲ್ಲ ಕೂತು, ಈ ವರ್ಷ ಏನೇನು ಕೆಡಬಹುದು ಎಂದು ಮಾತಾಡಿ. ಹೆಂಗಸರ ಮಾತನ್ನೂ ಕೇಳಿ. ನೀರು, ಮೇವು, ಕಾಳಿನ ಲೆಕ್ಕ ಅವರಿಗೇ ಚೆನ್ನಾಗಿ ಗೊತ್ತು.

ಎರಡು, ಬೀಜಕ್ಕೆ ಎರಡನೆಯ ದಾರಿ ಇಟ್ಟುಕೊಳ್ಳಿ. ಮಳೆ ಸಕಾಲಕ್ಕೆ ಬಂದರೆ ದೀರ್ಘಾವಧಿಯ ರಾಗಿ. ಜುಲೈ ಕಳೆದು ಆಗಸ್ಟಿಗೆ ಹೋದರೆ ನೂರು ದಿನದೊಳಗೆ ಬರುವ ಜಿಪಿಯು-೪೮ರಂಥ ಅಲ್ಪಾವಧಿ ತಳಿ. ಅದಕ್ಕೂ ತಡವಾದರೆ ಹುರುಳಿ. ಅಕ್ಕಡಿ ಸಾಲನ್ನು ಬಿಡಬೇಡಿ.

ಮೂರು, ಪಹಣಿ, ವಿಮೆಯ ರಸೀದಿ, ಬ್ಯಾಂಕಿನ ಪುಸ್ತಕ ಇವನ್ನು ಪ್ಲಾಸ್ಟಿಕ್ಕಿನ ಚೀಲದಲ್ಲಿ ಕಟ್ಟಿ ಎತ್ತರದಲ್ಲಿಡಿ. ಬೆಳೆ ಸಮೀಕ್ಷೆಯ ದಾಖಲೆ ನೋಡಿಕೊಳ್ಳಿ.

ನಾಲ್ಕು, ಸುದ್ದಿಯ ಸರಪಳಿ ಕಟ್ಟಿ. ಫೋನಿರುವ ಒಬ್ಬರು, ಫೋನಿಲ್ಲದ ಐದು ಮನೆಗೆ ಹೋಗಿ ಹೇಳುವುದು ಎಂದು ಊರಲ್ಲಿ ಗೊತ್ತುಮಾಡಿ. ಕುರಿ ಕಾಯುವ ಹುಡುಗ, ಒಂಟಿಯಾಗಿರುವ ಅಜ್ಜಿ, ತೋಟದ ಮನೆಯವರು ಯಾರ ಪಾಲಿಗೆ ಎಂದು ಹೆಸರು ಹಿಡಿದು ಹಂಚಿಕೊಳ್ಳಿ. ದೇವಸ್ಥಾನದ ಮೈಕನ್ನೂ ಬಳಸಬಹುದು.

ಎತ್ತು ಕಳೆದುಕೊಂಡ ಆ ಯಜಮಾನರು ಈಗ ತಮ್ಮ ಹಳ್ಳಿಯ ಸರಪಳಿಯ ಮೊದಲ ಕೊಂಡಿ. ನನ್ನಿಂದ ಸಂದೇಶ ಹೋದ ಐದು ನಿಮಿಷಕ್ಕೆ ಅವರಿಂದ ಫೋನು ಬರುತ್ತದೆ: "ಹೇಳಿಯಾಯಿತು ಸಾರ್, ಕುರಿ ಹುಡುಗರೂ ಊರು ಸೇರಿಕೊಂಡರು." ಆ ಮಾತು ಕೇಳುವವರೆಗೆ ನಾನೂ ಈಗ ಫೋನನ್ನು ಜೇಬಿಗೆ ಹಾಕುವುದಿಲ್ಲ.

ಇವತ್ತು ಸಂಜೆಯೇ ನಿಮ್ಮ ಐದು ಮನೆ ಯಾವುವು ಎಂದು ಎಣಿಸಿಕೊಳ್ಳಿ. ಸಂದೇಹವಿದ್ದರೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಬಂದು ಕೇಳಿ.